ಕಲ್ಲಿನ ಮೇಲೆ, ನಾಣ್ಯದ ಮೇಲೆ ‘ಕಾನ್ಸಲ್’ ಕಂಡರೆ ಓದುವುದು ಹೇಗೆ?

ಮೊದಲು ಯಾವ ಕಾಲದ ಕಾನ್ಸಲ್ ಅಂತ ಗೊತ್ತುಮಾಡಿಕೊಳ್ಳಿ. ವಿದೇಶದಲ್ಲಿ ಪಾಸ್‌ಪೋರ್ಟ್ ಕಳೆದಿದೆ, ಅಲ್ಲೇ ಹುಟ್ಟಿದ ಮಗುವಿನ ನೋಂದಣಿ ಆಗಬೇಕು ಅನ್ನುವ ಮಾತಿನಲ್ಲಿ ಬರುವ ಕಾನ್ಸಲ್ ಇವತ್ತಿನವರು. ಬೇರೆ ದೇಶದ ಒಂದು ಊರಿನಲ್ಲಿದ್ದು ತಮ್ಮ ದೇಶದವರ ಕೆಲಸ ನೋಡಿಕೊಳ್ಳುವ ಅಧಿಕಾರಿ. ರಾಯಭಾರಿ ಬೇರೆ, ಇವರು ಬೇರೆ: ಯುಎಇಯಲ್ಲಿ ನಮ್ಮ ರಾಯಭಾರಿ ಇರುವುದು ಅಬುಧಾಬಿಯಲ್ಲಿ, ಕಾನ್ಸಲ್ ಜನರಲ್ ಇರುವುದು ದುಬೈನಲ್ಲಿ. ಇನ್ನು 1799ರಿಂದ 1804ರವರೆಗಿನ ಫ್ರಾನ್ಸ್ ಆದರೆ, ‘ಮೊದಲ ಕಾನ್ಸಲ್’ ಅಂದರೆ ನೆಪೋಲಿಯನ್. ಹೆಸರಿಗೆ ಮೂವರಿದ್ದರು, ಮಾತು ನಡೆಯುತ್ತಿದ್ದುದು ಇವನೊಬ್ಬನದೇ.

ಇವೆರಡೂ ಅಲ್ಲ ಅಂದರೆ ಬಹುಪಾಲು ಹಳೆಯ ರೋಮ್‌ನ ಕಾನ್ಸಲ್. ಮಜಾ ಇರುವುದು ಇಲ್ಲೇ.

ರಾಜರನ್ನು ಓಡಿಸಿದ ಮೇಲೆ, ಅವರದೇ ಲೆಕ್ಕದಲ್ಲಿ ಕ್ರಿ.ಪೂ. 509ರಲ್ಲಿ, ರೋಮ್‌ನವರು ರಾಜನ ಜಾಗಕ್ಕೆ ಇಬ್ಬರನ್ನು ಆರಿಸಿದರು, ಅದೂ ಒಂದೇ ವರ್ಷಕ್ಕೆ, ಒಬ್ಬ ಮಾಡಿದ್ದನ್ನು ಇನ್ನೊಬ್ಬ ತಡೆಯಬಹುದು ಅನ್ನುವ ಷರತ್ತಿನ ಮೇಲೆ. ಆ ವರ್ಷಕ್ಕೆ ಅವರಿಬ್ಬರದೇ ಹೆಸರು, ನಮ್ಮ ಪಂಚಾಂಗದಲ್ಲಿ ಸಂವತ್ಸರಕ್ಕೆ ಹೆಸರಿರುವ ಹಾಗೆ. ಹಾಗಾಗಿ ‘ಸಿಸೆರೊ ಮತ್ತು ಆಂಟೋನಿಯಸ್ ಕಾನ್ಸಲ್ ಆಗಿದ್ದಾಗ’ ಅಂತ ಎಲ್ಲಾದರೂ ಓದಿದರೆ ಅದನ್ನು ಸುಮ್ನೆ ದಾಟಿಹೋಗಬೇಡಿ, ಅದು ತಾರೀಖು: ಕ್ರಿ.ಪೂ. 63. ಕಾನ್ಸಲ್‌ಗಳ ಪಟ್ಟಿ ಆನ್‌ಲೈನ್‌ನಲ್ಲೇ ಸಿಗುತ್ತದೆ. ಜೋಡಿಯನ್ನು ಹುಡುಕಿದರೆ ವರ್ಷ ಸಿಕ್ಕಿತು. ಪಾಂಪೆ ಮತ್ತು ಕ್ರಾಸಸ್ ಥರ ಒಂದೇ ಜೋಡಿ ಎರಡು ಸಲ (ಕ್ರಿ.ಪೂ. 70, ಮತ್ತೆ 55) ಬಂದಿದ್ದರೆ ‘ಎರಡನೇ ಸಲ’ ಅಂತ ಇದೆಯಾ ನೋಡಿ.

ಕ್ರಿ.ಪೂ. 59ರ ಜೋಡಿ ಜೂಲಿಯಸ್ ಸೀಸರ್ ಮತ್ತು ಬಿಬುಲಸ್. ಸೀಸರ್‌ನ ಕಾಟ ತಡೆಯಲಾಗದೆ ಬಿಬುಲಸ್ ಮನೆ ಸೇರಿಬಿಟ್ಟ. ಜನ ಆ ವರ್ಷವನ್ನು ‘ಜೂಲಿಯಸ್ ಮತ್ತು ಸೀಸರ್ ಕಾನ್ಸಲ್ ಆಗಿದ್ದ ವರ್ಷ’ ಅಂತ ಆಡಿಕೊಂಡರು.

ಈಗ ಕಲ್ಲಿಗೆ ಬನ್ನಿ. ಕಲ್ಲು, ನಾಣ್ಯಗಳಲ್ಲಿ ಪೂರ್ತಿ ಪದ ಇರುವುದು ಅಪರೂಪ, ಸಾಮಾನ್ಯವಾಗಿ ಸಿ-ಓ-ಎಸ್ ಅಂತ ಮೂರೇ ಅಕ್ಷರ. ಅದಾದ ಮೇಲೆ ಮೂರು ಗೀಟು (ರೋಮನ್ ಅಂಕಿಯ ಮೂರು) ಇದ್ದರೆ ಮೂರನೇ ಸಲ ಕಾನ್ಸಲ್. ‘ಡೆಸ್’ ಅಥವಾ ‘ಡೆಸಿಗ್’ ಅಂತಿದ್ದರೆ ಆಯ್ಕೆ ಆಗಿದೆ, ಇನ್ನೂ ಅಧಿಕಾರಕ್ಕೆ ಬಂದಿಲ್ಲ. ಪದದ ಮೊದಲಿಗೆ ‘ಪ್ರೊ’ ಸೇರಿದ್ದರೆ ಅವನು ಪ್ರೊಕಾನ್ಸಲ್, ಅಂದರೆ ಹೆಚ್ಚಾಗಿ ಯಾವುದೋ ಪ್ರಾಂತ್ಯ ಆಳಲು ಹೋದವನು.

ಈ ಅಂಕಿಗಳಿಂದ ಕಾಲ ಹೇಳಬಹುದು, ಆದರೆ ಆಸಾಮಿಯ ಚರಿತ್ರೆ ಗೊತ್ತಿರಬೇಕು. ರೋಮ್‌ನ ಚಕ್ರವರ್ತಿ ಟ್ರೇಜನ್ ಐದನೇ ಸಲ ಕಾನ್ಸಲ್ ಆದದ್ದು ಕ್ರಿ.ಶ. 103ರಲ್ಲಿ, ಆರನೇ ಸಲ 112ರಲ್ಲಿ. ಅವನ ನಾಣ್ಯದ ಮೇಲೆ ಐದು ಅಂತಿದ್ದರೆ ಅದು ಈ ನಡುವಿನದು. ಅವನ ನಂತರದ ಚಕ್ರವರ್ತಿ ಹೇಡ್ರಿಯನ್ ಮಾತ್ರ ಕೈಕೊಡುತ್ತಾನೆ. 119ರಲ್ಲಿ ಮೂರನೇ ಸಲ ಆದವನು 138ರಲ್ಲಿ ಸಾಯುವವರೆಗೂ ಮತ್ತೆ ಆಗಲೇ ಇಲ್ಲ, ಹಾಗಾಗಿ ‘ಮೂರು’ ಅಂದರೆ ಹತ್ತೊಂಬತ್ತು ವರ್ಷದಲ್ಲಿ ಯಾವುದೂ ಆಗಬಹುದು. ಅಷ್ಟು ಹೊತ್ತಿಗೆ ಇದು ಬರೀ ಬಿರುದು ಬಿಡಿ, ಅಧಿಕಾರವೆಲ್ಲ ಚಕ್ರವರ್ತಿಯ ಕೈಲಿತ್ತು.

ಇನ್ನೊಂದು ಎಚ್ಚರಿಕೆ. ರೋಮ್‌ನ ಪ್ಯಾಂಥಿಯನ್ ಅನ್ನುವ ಹಳೆಯ ದೇವಾಲಯದ ಎದುರು ನಿಂತರೆ ಕಂಬಗಳ ಮೇಲೆ ದೊಡ್ಡಕ್ಷರದಲ್ಲಿ ಒಂದೇ ಸಾಲು: ‘ಲೂಸಿಯಸ್‌ನ ಮಗ ಮಾರ್ಕಸ್ ಅಗ್ರಿಪ್ಪ, ಮೂರನೇ ಸಲ ಕಾನ್ಸಲ್ ಆದವನು, ಕಟ್ಟಿಸಿದ’. ಅಗ್ರಿಪ್ಪ ಮೂರನೇ ಸಲ ಕಾನ್ಸಲ್ ಆದದ್ದು ಕ್ರಿ.ಪೂ. 27ರಲ್ಲಿ. ಆದರೆ ಈಗ ನಿಂತಿರುವ ಕಟ್ಟಡ ಅವನದಲ್ಲ! ಅವನು ಕಟ್ಟಿಸಿದ್ದು ಬೆಂಕಿಗೆ ಹೋಯಿತು, ಅದೇ ಜಾಗದಲ್ಲಿ ಹೇಡ್ರಿಯನ್ ಕಾಲಕ್ಕೆ, ನೂರೈವತ್ತು ವರ್ಷ ಕಳೆದ ಮೇಲೆ, ಹೊಸದು ಮುಗಿಯಿತು, ಹಳೆಯ ಹೆಸರನ್ನೇ ಹಾಕಿದರು. ಬರಹದ ವರ್ಷ, ಕಟ್ಟಡದ ವರ್ಷ ಎರಡೂ ಒಂದೇ ಅಂದುಕೊಳ್ಳಬೇಡಿ.

ಇಷ್ಟು ಓದೋಕೆ ರೋಮ್‌ಗೇ ಹೋಗಬೇಕಾ? ಬೇಡ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ, ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ಭಾರತದಲ್ಲಿ ಸಿಕ್ಕ, ರೋಮ್‌ನ ಮೊದಲ ಚಕ್ರವರ್ತಿ ಅಗಸ್ಟಸ್‌ನ ನಾಣ್ಯಗಳಲ್ಲಿ ಒಂದು ಬಗೆ ತುಂಬ ಜಾಸ್ತಿ: ಒಂದು ಕಡೆ ಅಗಸ್ಟಸ್ ತಲೆ, ಇನ್ನೊಂದು ಕಡೆ ನಿಂತಿರುವ ಇಬ್ಬರು ಹುಡುಗರು, ನಡುವೆ ಗುರಾಣಿ, ಈಟಿ. ಮ್ಯೂಸಿಯಂನಲ್ಲಿ ಇಂಥದ್ದು ಕಂಡರೆ ಅಂಚಿನಲ್ಲಿ ಆ ಮೂರಕ್ಷರ ಹುಡುಕಿ, ಪಕ್ಕದಲ್ಲೇ ‘ಡೆಸಿಗ್’ ಇರುತ್ತದೆ. ಹುಡುಗರು ಅಗಸ್ಟಸ್‌ನ ಮೊಮ್ಮಕ್ಕಳಾದ ಗಾಯಸ್ ಮತ್ತು ಲೂಸಿಯಸ್, ಅವನೇ ದತ್ತು ತೆಗೆದುಕೊಂಡಿದ್ದವರು, ಮುಂದೆ ಕಾನ್ಸಲ್ ಆಗಲಿ ಅಂತ ಮೊದಲೇ ಗೊತ್ತುಮಾಡಿದ್ದ. ಗಾಯಸ್ ಕ್ರಿ.ಶ. 1ರಲ್ಲಿ ಆದ. ಲೂಸಿಯಸ್ ಮರುವರ್ಷವೇ ತೀರಿಕೊಂಡ, ಅವನ ಪಾಲಿಗೆ ಆ ‘ಡೆಸಿಗ್’ ಹಾಗೇ ಉಳಿಯಿತು.