ಯುರೋಪಿನ ತಲೆ ಎಣಿಕೆ: ಸರಿಯಾದ ಪಟ್ಟಿ ಮಾಡುವುದು ಹೇಗೆ?

2023ರ ಜನವರಿ 1ರಂದು ಪೋಲೆಂಡಿನಲ್ಲಿ ಎಷ್ಟು ಜನ ಇದ್ದರು? ಆ ದೇಶದ ಅಂಕಿಅಂಶ ಕಚೇರಿಯ ಪ್ರಕಟಣೆ ತೆರೆದರೆ ಸುಮಾರು 3 ಕೋಟಿ 77 ಲಕ್ಷ. ಐರೋಪ್ಯ ಒಕ್ಕೂಟದ ಅಂಕಿಅಂಶ ಸಂಸ್ಥೆ ಯೂರೋಸ್ಟ್ಯಾಟ್‌ನ ಕೋಷ್ಟಕ ತೆರೆದರೆ ಸುಮಾರು 3 ಕೋಟಿ 67 ಲಕ್ಷ. ಹತ್ತು ಲಕ್ಷ ಜನರ ವ್ಯತ್ಯಾಸ. ತಮಾಷೆಯೆಂದರೆ ಎರಡೂ ಸಂಖ್ಯೆ ಹೊರಟದ್ದು ವಾರ್ಸಾದ ಅದೇ ಕಚೇರಿಯಿಂದ. ಕೆಲಸ ಹುಡುಕಿಕೊಂಡು ಜರ್ಮನಿಗೋ ಬ್ರಿಟನ್ನಿಗೋ ಹೋಗಿ, ಊರಿನ ಕಾಯಂ ವಿಳಾಸ ರದ್ದು ಮಾಡಿಸದವರನ್ನು ಪೋಲೆಂಡಿನ ದೇಶೀ ಲೆಕ್ಕ ಇನ್ನೂ ತನ್ನವರೆಂದೇ ಇಟ್ಟುಕೊಂಡಿದೆ. ಯೂರೋಸ್ಟ್ಯಾಟ್ ನಿಯಮ ಅವರನ್ನು ಬಿಟ್ಟುಬಿಡುತ್ತದೆ. ವ್ಯತ್ಯಾಸದ ಮುಖ್ಯ ಕಾರಣ ಇದೇ.

ಹಾಗಾಗಿ ಎರಡೂ ಸರಿ. ಪೋಲೆಂಡಿಗೆ ಮೊದಲನೆಯ ಬಗೆಯ ಲೆಕ್ಕ ಹಿಡಿದು, ಪಕ್ಕದ ಜರ್ಮನಿಗೆ ಎರಡನೆಯ ಬಗೆಯದನ್ನು ಬರೆದು ಎರಡನ್ನೂ ಕೂಡಿಸಿದಾಗ ತಪ್ಪಾಗುತ್ತದೆ. ಒಬ್ಬನೇ ಮನುಷ್ಯ ಎರಡು ಸಲ ಎಣಿಕೆಯಾಗುತ್ತಾನೆ. ಅಂತರ್ಜಾಲದಲ್ಲಿ ಓಡಾಡುವ ಯುರೋಪ್ ಜನಸಂಖ್ಯೆಯ ಪಟ್ಟಿಗಳಲ್ಲಿ ಹಲವು ಹೀಗೆ ಕಲಬೆರಕೆಯಾದವು. ಕಾಲೇಜಿನ ಯೋಜನಾ ವರದಿಗೋ, ಪತ್ರಿಕಾ ಲೇಖನಕ್ಕೋ, ವಿಕಿಪೀಡಿಯದ ಪುಟಕ್ಕೋ ಅಂಥ ಪಟ್ಟಿಯನ್ನು ನೀವೇ ತಯಾರಿಸಬೇಕಾದರೆ ಹೀಗೆ ಹೊರಡಬಹುದು.

ಮೊದಲು ಗಡಿ ಎಳೆಯಿರಿ

ಯಾವ ಯುರೋಪ್ ಎಂಬುದು ಮೊದಲ ಪ್ರಶ್ನೆ. ಐರೋಪ್ಯ ಒಕ್ಕೂಟದಲ್ಲಿ 27 ದೇಶಗಳಿವೆ, ಯುರೋಪ್ ಮಂಡಳಿಯಲ್ಲಿ 46. ವಿಶ್ವಸಂಸ್ಥೆಯ ವಿಂಗಡಣೆಯೋ ಬೇರೆಯದೇ. ಅದರ ಪ್ರಕಾರ ವ್ಲಾಡಿವೊಸ್ಟಾಕ್ ತನಕದ ಇಡೀ ರಷ್ಯಾ ಯುರೋಪಿಗೆ ಸೇರಿದರೆ, ಇಸ್ತಾಂಬುಲ್ ಸಮೇತ ಟರ್ಕಿ ಪಶ್ಚಿಮ ಏಷ್ಯಾಕ್ಕೆ ಹೋಗುತ್ತದೆ. ಒಕ್ಕೂಟದ ಸದಸ್ಯ ದೇಶವಾದ ಸೈಪ್ರಸ್ ಕೂಡ ಅಲ್ಲಿ ಏಷ್ಯಾದ್ದೇ! ಯುರೋಪಿನ ಒಟ್ಟು ಜನಸಂಖ್ಯೆ ಒಂದು ಕಡೆ 45 ಕೋಟಿ, ಇನ್ನೊಂದು ಕಡೆ ಸುಮಾರು 74 ಕೋಟಿ ಎಂದು ಕಾಣಲು ಇದೇ ಕಾರಣ. ಯಾವುದನ್ನಾದರೂ ಆರಿಸಿಕೊಳ್ಳಿ, ಆದರೆ ಕೋಷ್ಟಕದ ತಲೆಬರಹದಲ್ಲೇ ಅದನ್ನು ಬರೆದಿಡಿ.

ದೇಶದೊಳಗಿನ ಗಡಿಯೂ ಅಷ್ಟೇ ಮುಖ್ಯ. ಫ್ರಾನ್ಸ್ ಎಂದರೆ ಪ್ಯಾರಿಸ್ ಇರುವ ಫ್ರಾನ್ಸ್ ಮಾತ್ರವಲ್ಲ. ಹಿಂದೂ ಮಹಾಸಾಗರದ ರಿಯೂನಿಯನ್ ಮತ್ತು ಮಯೋಟ್, ಕೆರಿಬಿಯನ್ನಿನ ಗ್ವಾಡೆಲೂಪ್ ಮತ್ತು ಮಾರ್ಟಿನಿಕ್, ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಕೂಡ ಆ ದೇಶದ ಜಿಲ್ಲೆಗಳೇ. ಇವನ್ನು ಸೇರಿಸುವುದಕ್ಕೂ ಬಿಡುವುದಕ್ಕೂ ನಡುವೆ ಸುಮಾರು 22 ಲಕ್ಷದ ವ್ಯತ್ಯಾಸವಿದೆ. ಮಯೋಟ್ ಯೂರೋಸ್ಟ್ಯಾಟ್‌ನ ಲೆಕ್ಕಕ್ಕೆ ಬಂದದ್ದು 2014ರಲ್ಲಿ. ಹಾಗಾಗಿ ಆ ವರ್ಷ ಫ್ರಾನ್ಸ್ ಒಂದಿಷ್ಟು ಜಿಗಿದಂತೆ ಕಂಡರೆ ಅದು ಮಕ್ಕಳು ಹೆಚ್ಚು ಹುಟ್ಟಿದ್ದರಿಂದ ಅಲ್ಲ. ಇದಕ್ಕೆ ತದ್ವಿರುದ್ಧವಾಗಿ ಡೆನ್ಮಾರ್ಕಿನ ಸಂಖ್ಯೆಯಲ್ಲಿ ಗ್ರೀನ್‌ಲ್ಯಾಂಡ್ ಮತ್ತು ಫಾರೋ ದ್ವೀಪಗಳು ಇರುವುದಿಲ್ಲ. ಜರ್ಸಿ, ಗರ್ನ್ಸಿ, ಐಲ್ ಆಫ್ ಮ್ಯಾನ್ ಬ್ರಿಟನ್ನಿನ ಲೆಕ್ಕದ ಹೊರಗೆ.

ಯಾರನ್ನು ಎಣಿಸಬೇಕು?

ಯೂರೋಸ್ಟ್ಯಾಟ್ ಬಳಸುವ ಅಳತೆಗೋಲು ಹನ್ನೆರಡು ತಿಂಗಳು. ಒಂದು ಜಾಗದಲ್ಲಿ ಕನಿಷ್ಠ ಒಂದು ವರ್ಷ ವಾಸವಿದ್ದವರು, ಅಥವಾ ಒಂದು ವರ್ಷವಾದರೂ ಇರುವ ಉದ್ದೇಶದಿಂದ ಬಂದವರು ಅಲ್ಲಿನ ವಾಸಿಗಳು. ಪೌರತ್ವಕ್ಕೂ ಇದಕ್ಕೂ ಸಂಬಂಧವಿಲ್ಲ. ಬೆಂಗಳೂರಿನ ಇಂಜಿನಿಯರ್ ಒಬ್ಬರು ಆರು ತಿಂಗಳ ಪ್ರಾಜೆಕ್ಟಿಗೆ ಐಂಡ್‌ಹೋವನ್‌ಗೆ ಹೋದರೆ ನೆದರ್ಲೆಂಡ್ಸ್‌ನ ಈ ಲೆಕ್ಕದಲ್ಲಿ ಇಲ್ಲ; ಎರಡು ವರ್ಷದ ಸ್ನಾತಕೋತ್ತರ ಓದಿಗೆ ಹೋದ ಮೈಸೂರಿನ ವಿದ್ಯಾರ್ಥಿನಿ ಇದ್ದಾರೆ.

ಎಲ್ಲರೂ ಇದನ್ನೇ ಪಾಲಿಸುತ್ತಾರೆಂದು ನಂಬಿ ಕೂರಬೇಡಿ. ಐರ್ಲೆಂಡಿನ ಜನಗಣತಿ ಗಣತಿಯ ರಾತ್ರಿ ಆ ನೆಲದಲ್ಲಿ ಯಾರಿದ್ದರೋ ಅವರನ್ನೇ ಎಣಿಸುತ್ತದೆ. 2022ರ ಏಪ್ರಿಲ್ 3ರ ರಾತ್ರಿ ಸಿಕ್ಕ 51,49,139 ಎಂಬ ಸಂಖ್ಯೆಯಲ್ಲಿ ಡಬ್ಲಿನ್ ಹೋಟೆಲಿನಲ್ಲಿ ತಂಗಿದ್ದ ಪ್ರವಾಸಿಗನೂ ಇದ್ದಾನೆ. ಆ ರಾತ್ರಿ ಸ್ಪೇನಿನಲ್ಲಿ ರಜೆ ಕಳೆಯುತ್ತಿದ್ದ ಐರಿಷ್ ಕುಟುಂಬ ಇಲ್ಲ. ಉತ್ತರ ಮ್ಯಾಸಿಡೋನಿಯಾ 2021ರಲ್ಲಿ ದೇಶದಲ್ಲಿ ವಾಸಿಸುವವರನ್ನೂ ಹೊರದೇಶದಲ್ಲಿರುವ ತನ್ನವರನ್ನೂ ದಾಖಲಿಸಿಕೊಂಡಿತು. ಒಟ್ಟು ಸಂಖ್ಯೆ 20,97,319. ವಾಸಿಗಳು ಮಾತ್ರ 18,36,713. ಅವಸರದಲ್ಲಿ ಮೊದಲ ಸಾಲನ್ನು ನಕಲು ಮಾಡಿಕೊಂಡವರ ಕೋಷ್ಟಕದಲ್ಲಿ ಎರಡೂವರೆ ಲಕ್ಷ ಜನ ಹೆಚ್ಚು.

ಎಣಿಸಿದ್ದು ಹೇಗೆಂದು ಕೇಳಿ

ಸಂಖ್ಯೆ ಎಷ್ಟು ಗಟ್ಟಿ ಎಂದು ತಿಳಿಯುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಉತ್ತರದ ದೇಶಗಳಲ್ಲಿ ಮನೆಮನೆಗೆ ಹೋಗುವ ಗಣತಿಯೇ ಇಲ್ಲ. ಸ್ವೀಡನ್ 1749ರಿಂದಲೇ ಚರ್ಚುಗಳ ಪುಸ್ತಕಗಳಿಂದ ಜನರ ಲೆಕ್ಕ ತೆಗೆಯುತ್ತಿತ್ತು. ಆ ಹೊಣೆ ಚರ್ಚಿನಿಂದ ತೆರಿಗೆ ಇಲಾಖೆಗೆ ಹೋದದ್ದು 1991ರಲ್ಲಿ. ಡೆನ್ಮಾರ್ಕ್ 1981ರಲ್ಲಿ ನೋಂದಣಿ ದಾಖಲೆಗಳನ್ನೇ ಜೋಡಿಸಿ ಗಣತಿ ಮುಗಿಸಿತು. ಪ್ರತಿಯೊಬ್ಬರಿಗೂ ಒಂದು ಸಂಖ್ಯೆ, ಮನೆ ಬದಲಿಸಿದರೆ ತಿಳಿಸಬೇಕು. ನೆದರ್ಲೆಂಡ್ಸ್ ಕೂಡ ದಾಖಲೆಗಳ ದಾರಿಗೆ ಬಂತು, ಆದರೆ ಅದಕ್ಕೆ ಕಾರಣವೇ ಬೇರೆ. ಖಾಸಗಿ ವಿವರ ಸರ್ಕಾರಕ್ಕೆ ಕೊಡುವುದಿಲ್ಲ ಎಂಬ ವಿರೋಧ ಬಲವಾಗಿ, 1971ರ ಗಣತಿಯೇ ಅಲ್ಲಿ ಕೊನೆಯದಾಯಿತು.

ಜರ್ಮನಿಯ ಕಥೆ ಪಟ್ಟಿ ಮಾಡುವವರೆಲ್ಲ ತಿಳಿದಿರಬೇಕಾದದ್ದು. ಅಲ್ಲಿಯೂ ಪ್ರತಿ ಪಟ್ಟಣದಲ್ಲಿ ವಾಸಿಗಳ ನೋಂದಣಿ ಇದೆ. ಊರಿಗೆ ಬಂದವರು ಹೆಸರು ಬರೆಸಬೇಕು, ದೇಶ ಬಿಡುವಾಗ ತೆಗೆಸಬೇಕು. ಬರೆಸದಿದ್ದರೆ ಬ್ಯಾಂಕ್ ಖಾತೆ, ವೀಸಾ ಯಾವುದಕ್ಕೂ ಕಷ್ಟ, ಹಾಗಾಗಿ ಎಲ್ಲರೂ ಬರೆಸುತ್ತಾರೆ. ತೆಗೆಸುವುದು ಯಾರಿಗೆ ನೆನಪಿರುತ್ತದೆ? ಮ್ಯೂನಿಕ್‌ನಲ್ಲಿ ಓದು ಮುಗಿಸಿ ವಿಮಾನ ಹತ್ತುವ ವಿದ್ಯಾರ್ಥಿ ಸೂಟ್‌ಕೇಸ್ ತೂಕ ನೋಡುವುದರಲ್ಲೇ ಮುಳುಗಿರುತ್ತಾನೆ. ನಮ್ಮ ಮತದಾರರ ಪಟ್ಟಿಯಲ್ಲಿ ಎಂದೋ ಊರು ಬಿಟ್ಟವರ ಹೆಸರು ಉಳಿಯುವಂತೆ ಅಲ್ಲಿಯೂ ಹೆಸರುಗಳು ಉಳಿದವು.

ಪಶ್ಚಿಮ ಜರ್ಮನಿಯಲ್ಲಿ 1987ರಲ್ಲಿ, ಪೂರ್ವದಲ್ಲಿ 1981ರಲ್ಲಿ ಗಣತಿ ನಡೆದದ್ದೇ ಕೊನೆ. ಒಂದಾದ ಜರ್ಮನಿ 2011ರ ಮೇ 9ನ್ನು ಗಣತಿಯ ದಿನವಾಗಿಟ್ಟು ಲೆಕ್ಕ ಹಾಕಿದಾಗ 8.02 ಕೋಟಿ ಬಂತು. ಅಲ್ಲಿಯವರೆಗೆ ನಂಬಿಕೊಂಡಿದ್ದ ಸಂಖ್ಯೆಗಿಂತ 15 ಲಕ್ಷ ಕಡಿಮೆ! ಅದರಲ್ಲಿ ಸುಮಾರು 11 ಲಕ್ಷ ವಿದೇಶಿಯರು. ಬರ್ಲಿನ್ ಒಂದರಲ್ಲೇ ಸುಮಾರು 1.8 ಲಕ್ಷ ಜನ ಲೆಕ್ಕದಿಂದ ಮಾಯವಾದರು. ತಲೆಗಳ ಆಧಾರದ ಮೇಲೆ ರಾಜ್ಯಗಳಿಗೆ ಹಣ ಹಂಚಿಕೆಯಾಗುವುದರಿಂದ ಬರ್ಲಿನ್ ಮತ್ತು ಹ್ಯಾಂಬರ್ಗ್ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲೇರಿದವು. 2018ರಲ್ಲಿ ನ್ಯಾಯಾಲಯ ಗಣತಿಯ ವಿಧಾನವನ್ನೇ ಎತ್ತಿಹಿಡಿಯಿತು. 2022ರ ಗಣತಿಯಲ್ಲಿ ಮತ್ತೆ ಅದೇ ಪುನರಾವರ್ತನೆ: 8.27 ಕೋಟಿ, ಅಂದಾಜಿಗಿಂತ ಸುಮಾರು 14 ಲಕ್ಷ ಕಡಿಮೆ. ಶಿಸ್ತಿಗೆ ಹೆಸರಾದ ದೇಶದಲ್ಲೇ ಹೀಗೆ.

ನೋಂದಣಿಯೇ ಇಲ್ಲದ ಬ್ರಿಟನ್ನಿನಲ್ಲಿ ತಪ್ಪು ಎದುರು ದಿಕ್ಕಿನಲ್ಲಿ ನಡೆಯಿತು. ವಲಸೆಯ ಲೆಕ್ಕಕ್ಕೆ ಅವರು ವಿಮಾನ ನಿಲ್ದಾಣ, ಬಂದರುಗಳಲ್ಲಿ ಪ್ರಯಾಣಿಕರನ್ನು ಮಾತಾಡಿಸುವ ಸಮೀಕ್ಷೆಯನ್ನು ನೆಚ್ಚಿಕೊಂಡಿದ್ದರು. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಒಕ್ಕೂಟ ಸೇರಿದ ಮೇಲೆ ಅಗ್ಗದ ವಿಮಾನಗಳಲ್ಲಿ ಸಣ್ಣ ನಿಲ್ದಾಣಗಳಿಗೆ ಬಂದಿಳಿದವರನ್ನು ಆ ಸಮೀಕ್ಷೆ ಪೂರ್ತಿ ಹಿಡಿಯಲಿಲ್ಲ. 2011ರ ಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಅಂದಾಜಿಗಿಂತ 4.6 ಲಕ್ಷ ಜನ ಹೆಚ್ಚು ಸಿಕ್ಕರು.

ಎಸ್ಟೋನಿಯಾ ಜಾಣತನದ ಉಪಾಯವೊಂದನ್ನು ಕಂಡುಕೊಂಡಿದೆ. ಸಂಬಳ ಪಡೆದರೇ, ವೈದ್ಯರ ಬಳಿ ಹೋದರೇ ಎಂದೆಲ್ಲ ಹಲವು ಸರ್ಕಾರಿ ದಾಖಲೆಗಳಲ್ಲಿ ಆ ವರ್ಷ ವ್ಯಕ್ತಿಯ ಸುಳಿವು ಸಿಕ್ಕಿತೇ ಎಂದು ನೋಡಿ ಅಂಕ ಕೊಡುತ್ತಾರೆ. ಸುಳಿವು ಸಾಲದಾದರೆ ಹೆಸರು ದಾಖಲೆಯಲ್ಲಿದ್ದರೂ ವಾಸಿಯೆಂದು ಪರಿಗಣಿಸುವುದಿಲ್ಲ. ಫ್ರಾನ್ಸ್‌ನದು ಇನ್ನೊಂದು ಬಗೆ: 2004ರಿಂದ ಅಲ್ಲಿ ಗಣತಿ ಪ್ರತಿವರ್ಷವೂ ನಡೆಯುತ್ತದೆ, ಆದರೆ ತುಂಡು ತುಂಡಾಗಿ. ಹತ್ತು ಸಾವಿರಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಐದು ವರ್ಷಕ್ಕೊಮ್ಮೆ ಸರದಿ, ದೊಡ್ಡ ಊರುಗಳಲ್ಲಿ ವರ್ಷಕ್ಕೆ ಶೇ 8ರಷ್ಟು ಮನೆಗಳು.

ಹಾಗಾಗಿ ನಿಮ್ಮ ಕೋಷ್ಟಕದಲ್ಲಿ ಸಂಖ್ಯೆಯ ಪಕ್ಕದಲ್ಲೇ ಇನ್ನೊಂದು ಕಾಲಂ ಇರಲಿ: ಇದು ಗಣತಿಯೋ, ನೋಂದಣಿಯೋ, ಅಂದಾಜೋ? ಅಂದಾಜಾದರೆ ಅದರ ಹಿಂದಿನ ಗಣತಿ ಯಾವ ವರ್ಷದ್ದು? ಗಣತಿ ಹಳತಾದಷ್ಟೂ ಅಂದಾಜು ಸಡಿಲ. 2011ರ ನಂತರ ಗಣತಿ ಕಾಣದೆ ಅಂದಾಜಿನಲ್ಲೇ ವರ್ಷಗಳನ್ನು ತಳ್ಳಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ದಿನಾಂಕ ಒಂದೇ ಇರಲಿ

ಯೂರೋಸ್ಟ್ಯಾಟ್ ಜನವರಿ 1ರ ಸಂಖ್ಯೆ ಕೊಡುತ್ತದೆ. ಬ್ರಿಟನ್ನಿನ ವಾರ್ಷಿಕ ಅಂದಾಜು ಜೂನ್ 30ಕ್ಕೆ. ವಿಶ್ವಸಂಸ್ಥೆಯ ಸಾಮಾನ್ಯ ಕೋಷ್ಟಕ ಜುಲೈ 1ಕ್ಕೆ. ಬ್ರಿಟನ್ ಒಕ್ಕೂಟ ಬಿಟ್ಟಿರುವುದರಿಂದ ಅದರ ಹೊಸ ಸಂಖ್ಯೆ ಯೂರೋಸ್ಟ್ಯಾಟ್‌ನಲ್ಲಿ ಸಿಗುವುದಿಲ್ಲ, ಲಂಡನ್ನಿನಿಂದಲೇ ತರಬೇಕು. ಅದರ ಜನಗಣತಿಯೂ ಒಂದೇ ದಿನ ನಡೆದದ್ದಲ್ಲ. ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ 2021ರ ಮಾರ್ಚ್ 21ರಂದು, ಕೋವಿಡ್ ಕಾರಣಕ್ಕೆ ಮುಂದೂಡಿದ ಸ್ಕಾಟ್ಲೆಂಡಿನಲ್ಲಿ 2022ರ ಮಾರ್ಚ್ 20ರಂದು. ಜೂನ್‌ನ ಸಂಖ್ಯೆಯನ್ನು ಜನವರಿಗೆ ತರಲು ಸುಲಭ ಮಾರ್ಗವಿದೆ: ಹಿಂದಿನ ಜೂನ್ ಮತ್ತು ಮುಂದಿನ ಜೂನ್‌ನ ಸರಾಸರಿ ತೆಗೆಯಿರಿ, ಹಾಗೆ ಮಾಡಿದ್ದೇವೆಂದು ಅಡಿಟಿಪ್ಪಣಿ ಹಾಕಿ.

ಸಂಖ್ಯೆ ಇಳಿಸಿಕೊಳ್ಳುವಾಗ

ಯೂರೋಸ್ಟ್ಯಾಟ್ ಜಾಲತಾಣ ಉಚಿತ. ಸಂಖ್ಯೆಗಳ ಪಕ್ಕ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ, ಅವನ್ನು ಅಳಿಸಬೇಡಿ. ‘ಪಿ’ ಎಂದರೆ ತಾತ್ಕಾಲಿಕ, ‘ಇ’ ಎಂದರೆ ಅಂದಾಜು, ‘ಬಿ’ ಎಂದರೆ ಇಲ್ಲಿಂದ ಲೆಕ್ಕದ ಕ್ರಮ ಬದಲಾಗಿದೆ, ಹಿಂದಿನ ವರ್ಷದ ಜೊತೆ ನೇರವಾಗಿ ಹೋಲಿಸಬೇಡಿ ಎಂದರ್ಥ. ಈ ‘ಬಿ’ಯನ್ನು ಕಡೆಗಣಿಸಿದರೆ ಎಂಥ ಅನಾಹುತವಾದೀತು ನೋಡಿ. 2023ರ ಜನವರಿಗೆ ಜರ್ಮನಿಯ ಜನಸಂಖ್ಯೆ ಸುಮಾರು 8.44 ಕೋಟಿ ಎಂದು ಮೊದಲು ಪ್ರಕಟವಾಗಿತ್ತು. ಹೊಸ ಗಣತಿಯ ಆಧಾರದ ಮೇಲೆ 2024ರ ಜನವರಿಗೆ ಸುಮಾರು 8.35 ಕೋಟಿ. ಹಳೆಯ ಫೈಲಿನಿಂದ ಒಂದು, ಹೊಸ ಫೈಲಿನಿಂದ ಒಂದು ತೆಗೆದು ಕಳೆದರೆ ಒಂದೇ ವರ್ಷದಲ್ಲಿ ಜರ್ಮನಿ ಒಂಬತ್ತು ಲಕ್ಷ ಜನರನ್ನು ಕಳೆದುಕೊಂಡಿತೆಂಬ ಸುಳ್ಳು ಸುದ್ದಿ ಸಿದ್ಧ! ಇಡೀ ಸಾಲನ್ನು ಒಂದೇ ದಿನ, ಒಂದೇ ಕೋಷ್ಟಕದಿಂದ ಇಳಿಸಿಕೊಳ್ಳಿ. ಇಳಿಸಿಕೊಂಡ ತಾರೀಖು ಬರೆದಿಡಿ.

ಇನ್ನೊಂದು ಕಿರಿಕಿರಿ ಚುಕ್ಕಿಯದು. ಗ್ರೀಸ್ ತನ್ನ 2021ರ ಗಣತಿಯ ಸಂಖ್ಯೆಯನ್ನು 10.482.487 ಎಂದು ಬರೆಯುತ್ತದೆ. ನಾವು ಅಲ್ಪವಿರಾಮ ಹಾಕುವ ಕಡೆ ಅವರದು ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ಜರ್ಮನಿಯೂ ಹೀಗೆಯೇ. ಫ್ರೆಂಚರು ನಡುವೆ ಖಾಲಿ ಜಾಗ ಬಿಡುತ್ತಾರೆ. ಸಾವಿರಗಳಲ್ಲಿರುವ 10.482 ಎಂಬುದನ್ನು ನಮ್ಮ ಎಕ್ಸೆಲ್ ಹತ್ತೂವರೆಯೆಂದು ಓದಿಕೊಳ್ಳುತ್ತದೆ.

ಕೂಡಿ ಕಳೆದು ನೋಡಿ

ಸಂಖ್ಯೆ ಸರಿಯಿದೆಯೇ ಎಂದು ಪರೀಕ್ಷಿಸಲು ಒಂದೇ ಸೂತ್ರ ಸಾಕು. ವರ್ಷದ ಆರಂಭದ ಜನಸಂಖ್ಯೆಗೆ ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆಯಿರಿ. ಬಂದವರನ್ನು ಕೂಡಿಸಿ, ಹೋದವರನ್ನು ಕಳೆಯಿರಿ. ವರ್ಷದ ಕೊನೆಯ ಸಂಖ್ಯೆ ಬರಬೇಕು. ಐರೋಪ್ಯ ಒಕ್ಕೂಟದಲ್ಲಿ 2024ರಲ್ಲಿ ಸುಮಾರು 35.6 ಲಕ್ಷ ಮಕ್ಕಳು ಹುಟ್ಟಿದರು, 48.2 ಲಕ್ಷ ಜನ ಸತ್ತರು. ಬರೀ ಇದನ್ನೇ ನೋಡಿದರೆ ಜನಸಂಖ್ಯೆ 12.6 ಲಕ್ಷ ಇಳಿಯಬೇಕಿತ್ತು. ವಲಸೆಯಿಂದ ನಿವ್ವಳ ಸುಮಾರು 23 ಲಕ್ಷ ಸೇರಿದ್ದರಿಂದ ಹತ್ತು ಲಕ್ಷಕ್ಕೂ ಮಿಕ್ಕಿ ಏರಿ, 2025ರ ಜನವರಿ 1ಕ್ಕೆ 45.04 ಕೋಟಿಯಾಯಿತು. ಹುಟ್ಟು ಸಾವುಗಳ ದಾಖಲೆ ಆ ದೇಶಗಳಲ್ಲಿ ಬಹುತೇಕ ಪೂರ್ಣ. ಲೆಕ್ಕ ಕೂಡದಿದ್ದರೆ ಬೆರಳು ತೋರಿಸಬೇಕಾದದ್ದು ವಲಸೆಯ ಕಡೆಗೆ, ಅದರಲ್ಲೂ ಹೇಳದೆ ಹೋದವರ ಕಡೆಗೆ. ಜೆಕ್ ದೇಶ 2022ರಲ್ಲಿ 1.05 ಕೋಟಿಯಿಂದ 1.08 ಕೋಟಿಗೆ ಜಿಗಿದದ್ದು ಮುಖ್ಯವಾಗಿ ಯುದ್ಧದಿಂದ ಓಡಿಬಂದ ಉಕ್ರೇನಿಗರಿಂದ. ಅವರನ್ನು ಎಲ್ಲ ದೇಶಗಳೂ ಒಂದೇ ರೀತಿ ಲೆಕ್ಕಕ್ಕೆ ಸೇರಿಸಿಲ್ಲ.

ತಕರಾರಿನ ದೇಶಗಳು

ಸ್ವತಂತ್ರ ಉಕ್ರೇನ್ ಗಣತಿ ನಡೆಸಿದ್ದು ಒಂದೇ ಸಲ, 2001ರಲ್ಲಿ: ಸುಮಾರು 4.85 ಕೋಟಿ. ಆಮೇಲಿನದೆಲ್ಲ ಅಂದಾಜು. 2014ರಲ್ಲಿ ತಾನು ವಶಪಡಿಸಿಕೊಂಡ ಕ್ರಿಮಿಯಾವನ್ನು ರಷ್ಯಾ ತನ್ನ 2021ರ ಗಣತಿಯಲ್ಲಿ ಎಣಿಸಿಕೊಂಡಿದೆ, ವಿಶ್ವಸಂಸ್ಥೆ ಉಕ್ರೇನಿನಲ್ಲೇ ಇಟ್ಟಿದೆ. ರಷ್ಯಾದ ಸಂಖ್ಯೆಯನ್ನು ಮಾಸ್ಕೋದಿಂದ, ಉಕ್ರೇನಿನದನ್ನು ವಿಶ್ವಸಂಸ್ಥೆಯಿಂದ ತಂದರೆ ಕ್ರಿಮಿಯಾ ಎರಡು ಸಲ ಬರುತ್ತದೆ. ಸರ್ಬಿಯಾದ 2022ರ ಗಣತಿಯ 66,47,003ರಲ್ಲಿ, ಅದು ಇನ್ನೂ ತನ್ನದೆನ್ನುವ ಕೊಸೊವೊ ಇಲ್ಲ. ಸೈಪ್ರಸ್‌ನ 2021ರ ಗಣತಿಯ ಸುಮಾರು 9.2 ಲಕ್ಷ ಎಂಬುದು ಸರ್ಕಾರದ ಹಿಡಿತದಲ್ಲಿರುವ ಭಾಗಕ್ಕೆ ಮಾತ್ರ. ಮಾಲ್ಡೋವಾದ ಲೆಕ್ಕದಲ್ಲಿ, ಅದರ ಹಿಡಿತ ತಪ್ಪಿ ಪ್ರತ್ಯೇಕತಾವಾದಿಗಳ ಕೈಯಲ್ಲಿರುವ ಟ್ರಾನ್ಸ್‌ನಿಸ್ಟ್ರಿಯಾ ಸೇರಿಲ್ಲ. ಇಂಥ ಕಡೆ ರಾಜಕೀಯ ತೀರ್ಪು ಕೊಡುವುದು ಪಟ್ಟಿ ಮಾಡುವವರ ಕೆಲಸವಲ್ಲ. ಯಾವ ನೆಲ ಒಳಗೆ, ಯಾವುದು ಹೊರಗೆ ಎಂದು ಪ್ರತಿ ಸಾಲಿಗೂ ಬರೆದರೆ ಸಾಕು.

ಕೊನೆಗೆ ಕನ್ನಡದ ಓದುಗರಿಗಾಗಿ ಕೋಟಿ ಲಕ್ಷಗಳಿಗೆ ತರುವ ಕೆಲಸ. ಒಂದು ಮಿಲಿಯನ್ ಎಂದರೆ ಹತ್ತು ಲಕ್ಷ, 2021ರ ಗಣತಿಯಲ್ಲಿ 10.3 ಮಿಲಿಯನ್ ಜನರಿದ್ದ ಪೋರ್ಚುಗಲ್ 1.03 ಕೋಟಿ, 10.3 ಲಕ್ಷವಲ್ಲ. ಗಣತಿಯ ಸಂಖ್ಯೆಯನ್ನು ಕೊನೆಯ ಅಂಕಿಯವರೆಗೆ ಬರೆಯಬಹುದು. ಅಂದಾಜಾದರೆ ಲಕ್ಷಕ್ಕೆ ಸರಿಹೊಂದಿಸಿ. ಜರ್ಮನಿಯ ಲೆಕ್ಕವೇ ಹದಿನಾಲ್ಕು ಲಕ್ಷ ತಪ್ಪಿರುವಾಗ, ಇಪ್ಪತ್ತು ವರ್ಷ ಎಣಿಕೆಯೇ ಆಗದ ದೇಶದ ಅಂದಾಜಿಗೆ ಬಿಡಿಸ್ಥಾನದ ಅಂಕಿ ಯಾಕೆ?