ಮನೆಮಂದಿಗೆಲ್ಲಾ ಒಂದೇ ಕುದುರೆ

ನಮ್ಮಪ್ಪ ಮೈಸೂರಲ್ಲಿ ಜಟಕಾ ಓಡಿಸುತ್ತಿದ್ದರು. ಹುಣಸೂರಿನ ಹತ್ತಿರದ ನಮ್ಮ ತೋಟಕ್ಕೆ ಗುಜರಾತಿನ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ ಬಂದಾಗ, ನನಗೆ ಎಲ್ಲಾ ಗೊತ್ತು ಅಂದುಕೊಂಡಿದ್ದೆ. ಗಾಡಿಗೆ ಕಟ್ಟುವುದು ಬೇರೆ, ಮನೆಯವರೆಲ್ಲಾ ಸರದಿಯಲ್ಲಿ ಹತ್ತುವುದು ಬೇರೆ. ಅದರ ಹೆಸರು ಗೌರಿ, ಬಂದು ಆರು ವರ್ಷವಾಯಿತು.

ಮೊದಲು ಮನೆಯವರ ಮಾತು ಒಂದಾಗಬೇಕು. ನಿಲ್ಲಿಸೋಕೆ ನಾನು 'ಹೋ' ಅಂತಿದ್ದೆ, ಮಗ 'ಸ್ಟಾಪ್' ಅಂತಿದ್ದ, ನಮ್ಮ ಯಜಮಾನರು ಸುಮ್ನೆ ಲಗಾಮು ಜಗ್ಗುತ್ತಿದ್ದರು. ಪಾಪ, ಅದು ಯಾರದು ಕೇಳಬೇಕು? ಒಂದು ತಿಂಗಳಲ್ಲಿ ಯಾರದೂ ಕೇಳದ ಹಾಗಾಯಿತು. ಈಗ ಎಲ್ಲರಿಗೂ 'ಹೋ' ಒಂದೇ. ಲಾಯದ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದೇವೆ.

ತೂಕ ನೋಡಿ. ಹತ್ತುವವರು, ಜೀನು ಎರಡೂ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು. ಗೌರಿ 350 ಕೆಜಿ, ಅಂದರೆ 70. ಯಜಮಾನರೇ 84! ಅವರಿಗೆ ಮೈ ಉಜ್ಜುವ ಕೆಲಸ ಕೊಟ್ಟಿದ್ದೇವೆ.

ಕುದುರೆಗೆ ತನ್ನ ನೇರ ಹಿಂದೆ ಇರುವುದು ಕಾಣುವುದಿಲ್ಲ. ಮಾತಾಡಿಸುತ್ತಾ ಎಡಭುಜದ ಕಡೆಯಿಂದ ಹೋಗಿ. ದಿನಾ ಗೊರಸು ನೋಡಿ, ಇದನ್ನು ತಪ್ಪಿಸಲೇಬೇಡಿ. ಬಾಲದ ಕಡೆ ಮುಖ ಮಾಡಿ ನಿಂತು, ಭುಜದಿಂದ ಕೆಳಕ್ಕೆ ಕೈ ಸವರುತ್ತಾ ಬಂದು, ಕಾಲಿನ ಹಿಂಬದಿಯನ್ನು ಮೆಲ್ಲಗೆ ಒತ್ತಿದರೆ ಅದೇ ಎತ್ತಿಕೊಡುತ್ತದೆ. ಕೊಕ್ಕೆ ಹಿಡಿದು, ಗೊರಸಿನಡಿಯ ಮಣ್ಣನ್ನು ಹಿಮ್ಮಡಿಯಿಂದ ಮುಂದಕ್ಕೆ ಕೆರೆಯಬೇಕು. ನಡುವೆ ಮೂರು ಮೂಲೆಯ ಮೆತ್ತನೆ ಜಾಗ ಇರುತ್ತದಲ್ಲ, ಅಲ್ಲಿ ಕೈ ಹಗುರ ಇರಲಿ. ಮಳೆಗಾಲದಲ್ಲಿ ಅಲ್ಲಿ ಕೆಟ್ಟ ವಾಸನೆ ಬಂದರೆ ಕೊಳೆಯುತ್ತಿದೆ ಅಂತ ಅರ್ಥ. ಲಾಯದ ನೆಲ ಒಣಗಿಸಿ, ಡಾಕ್ಟರಿಗೆ ತೋರಿಸಿ. ಒಂದು ದಿನ ಗೌರಿ ಹೆಜ್ಜೆ ಎಳೆಯುತ್ತಿತ್ತು. ಸೋಮಾರಿ ಅಂತ ಬೈದೆ. ಮಗಳು ಗೊರಸು ಎತ್ತಿ ನೋಡಿದರೆ ಹುಣಸೆ ಬೀಜದಷ್ಟು ಜಲ್ಲಿ ಸಿಕ್ಕಿಕೊಂಡಿತ್ತು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸಬೇಕು. ಟಾರು ರಸ್ತೆಯಲ್ಲಿ ಓಡಾಟ ಜಾಸ್ತಿ ಇದ್ದರೆ ಲಾಳ.

ಜೀನು ಕಟ್ಟುವಾಗ ಹುಷಾರು. ಹೊಟ್ಟೆಪಟ್ಟಿ ಬಿಗಿಯುವಾಗ ಗೌರಿ ಹೊಟ್ಟೆ ಉಬ್ಬಿಸಿ ನಿಲ್ಲುತ್ತದೆ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು. ಒಂದು ಸಲ ನಾನು ಬಿಗಿಯಲಿಲ್ಲ. ಜೀನಿನಿಂದ ಜೋತುಬಿದ್ದ ರಿಕಾಪಿಗೆ ಕಾಲಿಟ್ಟು ಮೈಭಾರ ಬಿಟ್ಟಿದ್ದೇ ತಡ, ಜೀನು ಹೊಟ್ಟೆಯ ಕೆಳಗೆ, ನಾನು ರಾಗಿ ಹೊಲದಲ್ಲಿ! ಪುಣ್ಯಕ್ಕೆ ಪಾದದ ಮುಂಭಾಗ ಮಾತ್ರ ರಿಕಾಪಿನಲ್ಲಿತ್ತು. ಹಿಮ್ಮಡಿವರೆಗೂ ತೂರಿಸಿದ್ದರೆ ಎಳೆದುಕೊಂಡು ಹೋಗುತ್ತಿತ್ತು. ಹೆಲ್ಮೆಟ್ ಇಲ್ಲದೆ ಮಕ್ಕಳನ್ನು ಹತ್ತಿಸಲೇಬೇಡಿ.

ಇನ್ನು ಹೊಟ್ಟೆ. ಗೌರಿಗೆ ದಿನಕ್ಕೆ ಸುಮಾರು 7 ಕೆಜಿ ಒಣಹುಲ್ಲು, ಸ್ವಲ್ಪ ಸ್ವಲ್ಪವಾಗಿ. 25-30 ಲೀಟರ್ ನೀರು, ಸೆಕೆಗೆ ಇನ್ನೂ ಜಾಸ್ತಿ. ನೆನೆಸಿದ ಹುರುಳಿ ಕೈತುಂಬ ಸಾಕು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಒಳಗೆ ಹೋಗಿದ್ದು ಮುಂದೇ ಹೋಗಬೇಕು. ಇದು ನಮ್ಮತ್ತೆಗೆ ಗೊತ್ತಿರಲಿಲ್ಲ. ಗೌರಿ ಹಬ್ಬದ ದಿನ ನಮ್ಮ ಗೌರಿಗೂ ಹಬ್ಬ ಆಗಲಿ ಅಂತ ಒಂದು ಬೇಸಿನ್ ಹುರುಳಿ ಇಟ್ಟುಬಿಟ್ಟರು.

ರಾತ್ರಿ ಒಂಬತ್ತಕ್ಕೆ ಮುಂಗಾಲಲ್ಲಿ ನೆಲ ಕೆರೆಯಲು ಶುರು. ಮತ್ತೆ ಮತ್ತೆ ತಿರುಗಿ ತನ್ನ ಪಕ್ಕೆ ನೋಡಿಕೊಳ್ಳುತ್ತಿತ್ತು. ಲದ್ದಿ ಇಲ್ಲ. ಇಷ್ಟು ಕಂಡರೆ ತಿಂಡಿ ಎತ್ತಿಟ್ಟು ಡಾಕ್ಟರನ್ನು ಕರೆಯಿರಿ, ಬೆಳಗಾಗಲಿ ಅಂತ ಕಾಯಬೇಡಿ. ಪಕ್ಕದ ತೋಟದವರು ಎಣ್ಣೆ ಕುಡಿಸಿ ಅಂದರು. ಬಾಯಿಗೆ ಸುರಿದ ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಕುದುರೆ ಸತ್ತೇ ಹೋಗಬಹುದು. ಡಾಕ್ಟರ್ ಬಂದು ಮೂಗಿನಿಂದ ಹೊಟ್ಟೆಗೆ ಕೊಳವೆ ಇಳಿಸಿದರು. ಆಮೇಲೆ ನಾವು ಒಬ್ಬೊಬ್ಬರಾಗಿ ಅದನ್ನು ಮೆಲ್ಲಗೆ ಅಂಗಳದಲ್ಲಿ ಸುತ್ತಿಸಿದೆವು.

ನಾಲ್ಕೂವರೆಗೆ ಲದ್ದಿ ಹಾಕಿತು. ಟಾರ್ಚ್ ಬಿಟ್ಟು ನೋಡಿದ ಅತ್ತೆ ಅಲ್ಲೇ ನಿಂತು ಕೈ ಮುಗಿದರು.