ಮುಟ್ಟು ನಿಂತ ಮೇಲೆ ಅಂಡಾಶಯದ ಗಡ್ಡೆ: ನನ್ನ ಅನುಭವ

ಜಗಳೂರು ಕಡೆಯ ಹಳ್ಳಿಯಿಂದ ಬಂದ ಆ ಅಮ್ಮನಿಗೆ 61 ವರ್ಷ. ಮುಟ್ಟು ನಿಂತು ಹತ್ತು ವರ್ಷದ ಮೇಲಾಗಿತ್ತು. ಕಿಡ್ನಿ ಕಲ್ಲು ಇರಬಹುದು ಅಂತ ಸ್ಕ್ಯಾನ್ ಮಾಡಿಸಿದ್ದರು. ಕಲ್ಲು ಸಿಗಲಿಲ್ಲ, ಎಡಗಡೆ ಅಂಡಾಶಯದಲ್ಲಿ ಗಡ್ಡೆ ಸಿಕ್ಕಿತು. ಯಾರೋ 'ಈ ವಾರವೇ ಗರ್ಭಕೋಶ, ಅಂಡಾಶಯ ಎಲ್ಲ ತೆಗೆಸಿಬಿಡಿ' ಅಂದಿದ್ದರಂತೆ. ದುಡ್ಡು ಕಟ್ಟುವ ಮೊದಲು ಇನ್ನೊಬ್ಬ ಡಾಕ್ಟರನ್ನು ಕೇಳೋಣ ಅಂತ ಮಗ ದಾವಣಗೆರೆಗೆ, ನನ್ನ ಹತ್ತಿರ ಕರೆತಂದಿದ್ದ.

ರಿಪೋರ್ಟಿನಲ್ಲಿ 'ಒಳಗೆ ಗಟ್ಟಿ ಭಾಗ ಇದ್ದಂತಿದೆ' ಎಂದಿತ್ತು. ಹೊಟ್ಟೆ ಮೇಲಿಂದ ಮಾಡಿದ ಸ್ಕ್ಯಾನ್ ಅದು. ದಪ್ಪ ಹೊಟ್ಟೆ, ಕರುಳಿನ ತುಂಬ ಗ್ಯಾಸ್. ಅಂಡಾಶಯ ಸರಿಯಾಗಿ ಕಾಣುವುದೇ ಕಷ್ಟ. ಇಂಥ ರಿಪೋರ್ಟ್ ನಂಬಿ ನಾನು ಯಾರಿಗೂ ಏನೂ ಹೇಳುವುದಿಲ್ಲ. ಮೊದಲು ಒಳಗಿನಿಂದ, ಅಂದರೆ ಯೋನಿ ಮೂಲಕ ಸ್ಕ್ಯಾನ್ ಆಗಲೇಬೇಕು.

ನಮ್ಮ ಕಡೆ ವಯಸ್ಸಾದವರು ಇದಕ್ಕೆ ಬಹಳ ನಾಚಿಕೊಳ್ಳುತ್ತಾರೆ. ಎಷ್ಟೋ ಕಡೆ ಡಾಕ್ಟರುಗಳೂ ಕೇಳುವುದನ್ನೇ ಬಿಟ್ಟಿರುತ್ತಾರೆ. ನಾನು ಮಗನನ್ನು ಹೊರಗೆ ಕಳಿಸಿ, ಪ್ರೋಬ್ ಕೈಗೆ ಕೊಟ್ಟು ತೋರಿಸುತ್ತೇನೆ. 'ನೀರು ಕುಡಿದು ಉಚ್ಚೆ ಕಟ್ಟಿಕೊಂಡು ಕೂರೋ ಹಂಗಿಲ್ಲ, ಹೋಗಿಬಂದು ಮಲಗಿದ್ರೆ ಸಾಕು' ಅಂದರೆ ಅರ್ಧ ಜನ ಅಲ್ಲೇ ಒಪ್ಪುತ್ತಾರೆ. ಈ ವಯಸ್ಸಿಗೆ ಒಳಗೆ ಒಣಗಿರುತ್ತೆ, ಜೆಲ್ ಸ್ವಲ್ಪ ಜಾಸ್ತಿ ಬೇಕು. ಈ ಅಮ್ಮನಿಗೆ ಕಂಡದ್ದು ಒಂದೇ ಕೋಣೆಯ, ತೆಳು ಗೋಡೆಯ, ತಿಳಿನೀರು ತುಂಬಿದ 4.2 ಸೆಂ.ಮೀ. ಗುಳ್ಳೆ. ಗಟ್ಟಿ ಭಾಗ ಎಲ್ಲೂ ಇಲ್ಲ. ಹೊಟ್ಟೆಯಲ್ಲಿ ನೀರೂ ಇಲ್ಲ.

ಆಮೇಲೆ ಸಿಎ 125 ರಕ್ತಪರೀಕ್ಷೆ. ಅಂಡಾಶಯದ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಏರುವ ಒಂದು ಪ್ರೋಟೀನ್ ಇದು. 35ರ ಒಳಗಿದ್ದರೆ ನಾರ್ಮಲ್, ಇವರದು 14. ಒಂದೇ ಕಡೆ, 5 ಸೆಂ.ಮೀ.ಗಿಂತ ಚಿಕ್ಕದಾದ, ತೊಂದರೆ ಕೊಡದ ಇಂಥ ನೀರುಗುಳ್ಳೆ ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಎಷ್ಟೋ ತಾವಾಗಿ ಹೋಗುತ್ತವೆ. ನಾಲ್ಕರಿಂದ ಆರು ತಿಂಗಳಿಗೊಮ್ಮೆ ಸ್ಕ್ಯಾನ್, ಸಿಎ 125 ಮಾಡಿಸಿ ಒಂದು ವರ್ಷ ನೋಡುತ್ತೇನೆ.

'ಸೂಜಿ ಹಾಕಿ ನೀರು ತೆಗೆದುಬಿಡಿ ಮೇಡಂ' ಅಂದ ಮಗ. ತುಂಬ ಜನ ಕೇಳುವ ಮಾತಿದು. ತೆಗೆದರೆ ಮತ್ತೆ ತುಂಬುತ್ತೆ. ಆ ನೀರಿನ ಪರೀಕ್ಷೆ ನಂಬುವ ಹಾಗಿಲ್ಲ. ಅಕಸ್ಮಾತ್ ಕ್ಯಾನ್ಸರ್ ಆಗಿದ್ದರೆ ಹೊಟ್ಟೆ ತುಂಬ ಚೆಲ್ಲಿದಂತಾಗುತ್ತದೆ. ಆಪರೇಷನ್ ಮಾಡಿ ಗುಳ್ಳೆ ತೆಗೆಯಲೇಬೇಕಾದರೆ ಅದನ್ನು ಒಡೆಯದಂತೆ ಚೀಲದೊಳಗೆ ಹಾಕಿ ತೆಗೆಯಬೇಕು.

ಅದೇ ಸುಮಾರಿಗೆ ಹರಿಹರದಿಂದ 58ರ ಇನ್ನೊಬ್ಬರು ಬಂದರು. 'ಎರಡು ತುತ್ತಿಗೇ ಹೊಟ್ಟೆ ತುಂಬ್ತೈತ್ರಿ' ಅಂದರು. ಆರು ತಿಂಗಳಿಂದ ಗ್ಯಾಸಿನ ಮಾತ್ರೆ ನುಂಗುತ್ತಿದ್ದರು. ಹೊಟ್ಟೆ ಮೇಲೆ ಕೈಯಿಟ್ಟರೇ ಗಡ್ಡೆ ಸಿಗುತ್ತಿತ್ತು, ಯಾರೂ ಇಟ್ಟಿರಲಿಲ್ಲ. ಸ್ಕ್ಯಾನಿನಲ್ಲಿ ಹಲವು ಕೋಣೆ, ನಡುವೆ ಗಟ್ಟಿ ಭಾಗ. ಸಿಎ 125 ಬಂದದ್ದು 180.

ಇಲ್ಲಿ ನಾನು ಆರ್‌ಎಂಐ, ಅಂದರೆ ಗಡ್ಡೆ ಕ್ಯಾನ್ಸರ್ ಆಗಿರುವ ಅಪಾಯ ಎಷ್ಟು ಅನ್ನುವ ಲೆಕ್ಕ ಹಾಕುತ್ತೇನೆ. ಹಲವು ಕೋಣೆ, ಗಟ್ಟಿ ಭಾಗ, ಎರಡೂ ಕಡೆ ಗಡ್ಡೆ, ಹೊಟ್ಟೆಯಲ್ಲಿ ನೀರು, ಬೇರೆಡೆ ಹರಡಿರುವುದು, ಈ ಐದರಲ್ಲಿ ಒಂದಿದ್ದರೆ 1, ಎರಡೋ ಜಾಸ್ತಿಯೋ ಇದ್ದರೆ 3. ಮುಟ್ಟು ನಿಂತಿದ್ದಕ್ಕೆ 3. ಅವನ್ನು ಸಿಎ 125ರಿಂದ ಗುಣಿಸಬೇಕು. ಇವರದು 3 ಇಂಟು 3 ಇಂಟು 180, ಅಂದರೆ 1620. 200 ದಾಟಿದರೇ ಹೆಚ್ಚು ಅಪಾಯ ಅಂತ ಲೆಕ್ಕ. ಸಿ.ಟಿ. ಸ್ಕ್ಯಾನ್ ಮಾಡಿಸಿ, ಹೆಂಗಸರ ಕ್ಯಾನ್ಸರ್ ಆಪರೇಷನ್ನನ್ನೇ ಮಾಡುವ ಸರ್ಜನ್ ಹತ್ತಿರ ಬೆಂಗಳೂರಿಗೆ ಕಳಿಸಿದೆ. 'ನೀವೇ ಮಾಡ್ರಲ್ಲ' ಅಂದರು. ಗರ್ಭಕೋಶ ನಾನೂ ತೆಗೆಯುತ್ತೇನೆ. ಆದರೆ ಹರಡಿದ ಗಡ್ಡೆಯನ್ನು ಮೊದಲ ಸಲವೇ ಪೂರ್ತಿ ತೆಗೆಯುವುದು ಬೇರೆ ಕೆಲಸ, ಅದು ನನ್ನದಲ್ಲ.

ಲೆಕ್ಕ ಬಂದ ಮಾತ್ರಕ್ಕೆ ಬಾಯಿ ಬಿಡಬಾರದು ಅಂತ ಕಲಿತದ್ದು ಹಳೆಯ ತಪ್ಪಿನಿಂದ. ಪ್ರಾಕ್ಟೀಸಿನ ಶುರುವಿನಲ್ಲಿ ಒಬ್ಬರಿಗೆ ಹೊಟ್ಟೆ ತುಂಬ ನೀರು, ಸಿಎ 125 ನಾನೂರರ ಮೇಲೆ. ಕ್ಯಾನ್ಸರ್ ಇರಬಹುದು ಅಂತ ಮನೆಯವರಿಗೆ ಹೇಳಿಬಿಟ್ಟೆ. ಬಯಾಪ್ಸಿಯಲ್ಲಿ ಬಂದದ್ದು ಹೊಟ್ಟೆಯ ಟಿಬಿ. ಅಷ್ಟರಲ್ಲಿ ನೆಂಟರೆಲ್ಲ ಬಂದು ಅತ್ತು ಹೋಗಿದ್ದರು. ಆರು ತಿಂಗಳ ಮಾತ್ರೆಗೆ ವಾಸಿಯಾಯಿತು. ನನಗೆ ಮಾತ್ರ ಬಹಳ ದಿನ ಅವರ ಮುಖ ನೋಡಲಾಗಲಿಲ್ಲ.

ಜಗಳೂರಿನ ಅಮ್ಮ ನಾಲ್ಕು ತಿಂಗಳಿಗೆ ಬರಬೇಕಿತ್ತು, ಮೆಕ್ಕೆಜೋಳ ಮುರಿದು ಐದಕ್ಕೆ ಬಂದರು. ಗುಳ್ಳೆ ಹಾಗೇ ಇತ್ತು. ವರ್ಷದ ಹೊತ್ತಿಗೆ 3.6 ಸೆಂ.ಮೀ.ಗೆ ಇಳಿದಿತ್ತು, ಸಿಎ 125 ಅಷ್ಟೇ. 'ಇನ್ನ ಬರಾದು ಬ್ಯಾಡೇನ್ರಿ?' ಅಂದರು. ಹೊಟ್ಟೆ ಉಬ್ಬಿದರೆ, ಊಟ ಸೇರದಿದ್ದರೆ, ಪದೇ ಪದೇ ಉಚ್ಚೆಗೆ ಹೋಗುವಂತಾದರೆ, ಕೆಳಗೆ ರಕ್ತ ಕಂಡರೆ ಮಾತ್ರ ಬನ್ನಿ ಅಂದೆ. ಈ ನಾಲ್ಕನ್ನೂ ಮಗ ಮೊಬೈಲಿನಲ್ಲಿ ಬರೆದುಕೊಂಡ.